ಹನ್ನೊಂದನೇ ನಂಬರಿನ ನೆರೆಮನೆಯವಳು

ಅಬು ಹಲೀಫಾ, ಕುವೈತ್
18 ಅಕ್ಟೋಬರ್ 2024, ಶುಕ್ರವಾರ

ಹನ್ನೆರಡನೇ ನಂಬರಿನ ಶ್ರೀಮತಿ ಫೆಲ್ಸಿ ಬಾಯಿಯವರಿಗೆ, ಎದುರಿನ ಹನ್ನೊಂದನೇ ನಂಬರಿನ ನೆರೆಮನೆಯವಳು ರಾಜೀವಿ ಮಾಡುವ ನಮಸ್ಕಾರ.

ಈ ಕಡೆ ಯಾರೂ ಕ್ಷೇಮವಾಗಿಲ್ಲ. ಆ ಕಡೆ ಕ್ಷೇಮವೋ ಎಂದು ಕೇಳುವಷ್ಟು ದೊಡ್ಡ ಮನಸ್ಸು ಸದ್ಯಕ್ಕೆ ನನ್ನಲ್ಲಿಲ್ಲ.

ನಾಲ್ಕು ಹೆಜ್ಜೆ ದೂರದ ಬಾಗಿಲಿಗೆ ಕಾಗದ ಬರೆಯುವವರು ಉಂಟೇ ಎಂದು ನೀವು ನಗಬಹುದು. ವಾಟ್ಸಾಪಿನಲ್ಲಿ ಕಳಿಸಿದರೆ ಓದಿದ ಗುರುತು ನೀಲಿಯಾಗಿ ಬರುತ್ತದೆ, ಉತ್ತರ ಬರುವುದಿಲ್ಲ. ಎದುರು ನಿಂತು ಬೈಯೋಣವೆಂದರೆ ತುಳುವಿನಲ್ಲಿ ನಿಮ್ಮ ಬಾಯಿ ನನಗಿಂತ ಜೋರು, ಮನೆಮಾತು ಕೊಂಕಣಿಯಾದರೂ. ಕನ್ನಡದಲ್ಲಿ ಬರೆಯುವುದರಲ್ಲಿ ಮಾತ್ರ ನಾನು ಮುಂದೆ. ಏಳನೇ ಕ್ಲಾಸಿನಲ್ಲಿ ಪ್ರಬಂಧಕ್ಕೆ ಸ್ಟೀಲಿನ ಲೋಟ ಬಹುಮಾನ ಪಡೆದವಳು ನಾನು. ಆ ಲೋಟದಲ್ಲೇ ನೀವು ಇಪ್ಪತ್ತಾರು ವರ್ಷ ನನ್ನ ಮನೆಯಲ್ಲಿ ಚಾ ಕುಡಿದಿದ್ದೀರಿ.

ಅಯ್ಯೋ, ಈ ನೀವು ನೀವು ಬರೆದು ಕೈ ನೋಯುತ್ತಿದೆ. ನೀನು ಎಂದೇ ಬರೆಯುತ್ತೇನೆ. ಬೈಯಲಿಕ್ಕೂ ಅದೇ ಅನುಕೂಲ.

ಊರಿನಿಂದ ಬಂದು ಇವತ್ತಿಗೆ ಐದು ವಾರ. ಈ ಐದು ವಾರದಲ್ಲಿ ನೀನು ಒಮ್ಮೆಯೂ ನನ್ನ ಬಾಗಿಲು ತಟ್ಟಲಿಲ್ಲ. ಲಿಫ್ಟಿನಲ್ಲಿ ಎರಡು ಸಲ ಸಿಕ್ಕಾಗ ಮೊಬೈಲ್ ನೋಡುತ್ತಾ ನಿಂತೆ. ಆ ಲಿಫ್ಟಿನಲ್ಲಿ ಸಿಗ್ನಲ್ ಬರುವುದಿಲ್ಲವೆಂದು ಇಡೀ ಕಟ್ಟಡಕ್ಕೆ ಗೊತ್ತು ಫೆಲ್ಸಿ. ಸಿಟ್ಟು ಮಾಡಬೇಕಾದವಳು ನಾನು. ಏಟು ತಿಂದವಳು ಅಳುವ ಮೊದಲೇ ಕೊಟ್ಟವಳು ಮುಖ ಊದಿಸಿಕೊಂಡರೆ ಹೇಗೆ?

ಹೊಸ ತೆನೆಯ ಮೊಂತಿ ಹಬ್ಬದ ದಿನ ಶಿರ್ವದ ನಿನ್ನ ಗಂಡನ ಮನೆಯಲ್ಲಿ ನಡೆದದ್ದನ್ನು ನೀನು ಮರೆಯಲು ನೋಡುತ್ತಿರಬಹುದು. ನಾನು ಬಿಡುವುದಿಲ್ಲ, ಬರೆದೇ ಬಿಡುತ್ತೇನೆ. ಇಗರ್ಜಿಯಲ್ಲಿ ಪಾದ್ರಿ ಹರಸಿದ ಹೊಸ ತೆನೆ ಮನೆಗೆ ಬಂತು. ನಿನ್ನ ಬರ್ನಾರ್ಡನ ಅಕ್ಕ ಲಿಜ್ಜಿ ಬಾಯಿ ದೇವರ ಮುಂದೆ ಹಿತ್ತಾಳೆಯ ತಟ್ಟೆ ಇಟ್ಟುಕೊಂಡು, ಮನೆಯವರ ತಲೆ ಎಣಿಸಿ, ತಲೆಗೊಂದರಂತೆ ಭತ್ತದ ಕಾಳು ಸುಲಿಯಲು ಕುಳಿತರು. ಪಾಯಸಕ್ಕೆ ಹಾಕುವ ಆ ಕಾಳು ನನಗೇನೂ ಹೊಸದಲ್ಲ. ಪ್ರತಿ ವರ್ಷ ಅವರು ಲಕೋಟೆಯಲ್ಲಿ ಕಳಿಸಿದ ಕಾಳನ್ನು ನೀನು ಇಲ್ಲಿ ಉಗುರಿನಲ್ಲಿ ಸುಲಿದು, ಪಾಯಸಕ್ಕೆ ಹಾಕಿ, ಮೊದಲ ಚಮಚ ನನ್ನ ಬಾಯಿಗೆ ಇಟ್ಟಿದ್ದೀ. ಬರ್ನಾರ್ಡನಿಗೂ ಮೊದಲು. ಅದಕ್ಕೇ ಅವರು ಎಣಿಸುವುದನ್ನು ನಾನು ಕಿಟಕಿಯಿಂದ ನೋಡುತ್ತಾ ನಿಂತೆ. ನಿನ್ನ ಮಗ ಆಲ್ರೊಯ್‌ಗೆ ಒಂದು. ನನ್ನ ಮಗಳು ಅಶ್ಮಿತಾಳಿಗೆ ಒಂದು. ಅವಳ ಹೊಟ್ಟೆಯಲ್ಲಿದ್ದ ಐದು ತಿಂಗಳಿನದಕ್ಕೂ ಒಂದು. ನನಗೂ ನನ್ನ ಗಂಡ ಕಾಂತಪ್ಪರಿಗೂ ಇಲ್ಲ.

ಊಟದ ಹೊತ್ತಿಗೆ ನೀನು ಬಂದು, ಹೊರಗೆ ಗಾಳಿ ಚೆನ್ನಾಗಿದೆ, ನೀವಿಬ್ಬರೂ ಜಗಲಿಯಲ್ಲೇ ಕೂತುಕೊಳ್ಳಿ ಎಂದೆ. ಅಂದು ನಿಮ್ಮಲ್ಲಿ ಮೀನೂ ಇಲ್ಲ, ನಾವು ಮುಟ್ಟದ ಮಾಂಸವೂ ಇಲ್ಲ, ಬೆಂಡೆ ಮತ್ತು ಕೆಸುವಿನ ದಂಟು. ನಮಗೆ ಬೇರೆ ಎಲೆ ಹಾಕಲು ಯಾವ ನೆವ ಇತ್ತು? ಕಾಂತಪ್ಪ ನನ್ನ ಮುಖ ನೋಡಿ, ಖಲಾಸ್, ಬಿಡು ಮಾರಾಯ್ತಿ, ಹಸಿವಾಗ್ತದೆ ಎಂದರು. ಅವರಿಗೆ ಅನ್ನ ಬಿದ್ದರೆ ಜಗಲಿಯೂ ಅರಮನೆ. ನಾನೂ ಎಲೆಯ ಮುಂದೆ ಕೂತೆ.

ಆಮೇಲೆ ಲಿಜ್ಜಿ ಬಾಯಿ ಬಡಿಸುತ್ತಾ ನನ್ನ ಪಕ್ಕದಲ್ಲಿ ಕುಳಿತರು. ದನಿ ತಗ್ಗಿಸಿ ಹೇಳಿದರು: ನೀವು ಕುವೈತಿನಲ್ಲಿ ನಮ್ಮವರ ನೆರೆಮನೆಯವರಂತೆ, ಆ ಹುಡುಗಿಗೆ ಸ್ವಲ್ಪ ತಾಯಿ ಪ್ರೀತಿ ಕೊಡಿ. ನಮ್ಮ ಹುಡುಗನನ್ನು ಮದುವೆಯಾದಳೆಂದು ಹೆತ್ತವರೇ ಕೈಬಿಟ್ಟಿದ್ದಾರೆ. ಮದುವೆಗೂ ಬರಲಿಲ್ಲ, ಮೂರು ವರ್ಷದಿಂದ ಒಂದು ಫೋನೂ ಇಲ್ಲ. ಅದೆಂಥ ಕಲ್ಲಿನಂಥ ತಾಯಿಯೋ, ಅವಳ ಮನಸ್ಸು ಕರಗಲಿ ಎಂದು ನಾನು ದಿನಾ ಸಂಜೆ ಜಪಮಾಲೆ ಹೇಳುತ್ತೇನೆ. ಹೀಗೆ ಹೇಳಿ ಆ ಪುಣ್ಯಾತ್ಮಗಿತ್ತಿ ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು.

ನನ್ನ ಬಾಯಲ್ಲಿ ಬೆಂಡೆಕಾಯಿ ಇತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತಲೆಯೆತ್ತಿದರೆ ಕಿಟಕಿಯಲ್ಲಿ ನೀನು. ಎಲ್ಲ ಕೇಳಿಸಿಕೊಂಡಿದ್ದೆ. ಈಗ ಬರುತ್ತಾಳೆ, ಅತ್ತಿಗೇ, ಇವಳೇ ಆ ತಾಯಿ ಎನ್ನುತ್ತಾಳೆ ಎಂದು ಕಾದೆ. ನೀನು ಖಾಲಿ ಹೂಜಿ ಎತ್ತಿಕೊಂಡು ನೀರು ತರಲು ಒಳಗೆ ಹೋದೆ.

ಕಲ್ಲಿನಂಥ ತಾಯಿಯಂತೆ! 2021ರಲ್ಲಿ ವಿಮಾನಗಳೆಲ್ಲ ಬಂದ್ ಆಗಿದ್ದಾಗ ಮಕ್ಕಳು ಎಂಬೆಸಿಯಲ್ಲಿ ರುಜು ಹಾಕಿ ಮದುವೆಯಾದರಲ್ಲ, ಆ ದಿನ ಹನ್ನೆರಡು ಜನಕ್ಕೆ ಕೋರಿ ರೊಟ್ಟಿ ಮಾಡಿದ್ದು ಯಾರ ಅಡುಗೆಮನೆಯಲ್ಲಿ? ನಿನ್ನ ಸನ್ನದ ಹಿಟ್ಟು ಉಬ್ಬದೆ ನೀನು ಅಳುತ್ತಾ ಕೂತಾಗ ಎರಡನೇ ಸಲ ಅರೆದು ಕೊಟ್ಟದ್ದು ಯಾರು? ನೀನು ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ಡ್ಯೂಟಿ ಮಾಡುವಾಗ ನಿನ್ನ ಮಗನಿಗೆ ಬಂಗುಡೆಯ ಮುಳ್ಳು ಬಿಡಿಸಿ ತಿನ್ನಿಸಿದ್ದು ಈ ಕಲ್ಲಿನ ಕೈಯೇ. ನಿನ್ನ ಅತ್ತಿಗೆಗೆ ಹೇಳು, ಮೂರು ವರ್ಷದ ಜಪಮಾಲೆ ಕೆಲಸ ಮಾಡಿಲ್ಲ, ಕಲ್ಲು ಇನ್ನೂ ಗಟ್ಟಿಯಾಗಿದೆ ಎಂದು.

ಹುಡುಗಿ ಹೆತ್ತವರು ಕೈಬಿಟ್ಟ ಅನಾಥೆ ಎಂದರೆ ಮನೆಯವರು ಬೇಗ ಒಪ್ಪುತ್ತಾರೆ ಎಂದು ನೀನು ಲೆಕ್ಕ ಹಾಕಿದೆ. ಹೆತ್ತವರು ಇದ್ದಾರೆ, ಎದುರು ಮನೆಯಲ್ಲೇ ಇದ್ದಾರೆ, ಸಂಜೆ ದೀಪ ಹಚ್ಚುತ್ತಾರೆ ಎಂದರೆ ನೂರು ಪ್ರಶ್ನೆ. ಇಲ್ಲ ಎಂದರೆ ಬರೀ ಕನಿಕರ. ನಿನ್ನ ಅನುಕೂಲಕ್ಕೆ ನೀನು ನನ್ನನ್ನು ಬದುಕಿರುವಾಗಲೇ ಸಾಯಿಸಿದೆ, ಫೆಲ್ಸಿ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ನೀನು ಇದನ್ನು ಓದುತ್ತಾ, ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹುಡುಕುತ್ತಾಳೆ ಇವಳು ಎನ್ನುತ್ತೀ ಎಂದು ಗೊತ್ತು. ಸರಿ, ಹೆಗ್ಗಣದ ವಿಷಯವೂ ಬರಲಿ.

ಶಿರ್ವಕ್ಕೆ ಹೋಗುವ ಮೊದಲು ಒಂದು ವಾರ ಎಲ್ಲರೂ ಕಟಪಾಡಿಯಲ್ಲಿ ನನ್ನ ತಾಯಿಯ ಮನೆಯಲ್ಲಿದ್ದೆವು. ಅಳಿಯ ನಮ್ಮವನೇ, ಹೆಸರು ಅಲೋಕ್, ತಂದೆತಾಯಿ ಮುಂಬಯಿಯಲ್ಲಿ ಇರುವುದು ಎಂದು ನಾನು ಮೂರು ವರ್ಷದ ಹಿಂದೆಯೇ ಫೋನಿನಲ್ಲಿ ಹೇಳಿ ಮುಗಿಸಿದ್ದೆ. ಮದುವೆಗೆ ಊರವರು ಯಾರೂ ಬರುವ ಹಾಗಿರಲಿಲ್ಲವಲ್ಲ, ವಿಮಾನ ಬಂದ್ ಆದದ್ದು ನಿನಗೆ ಮಾತ್ರ ಅನುಕೂಲವಾದದ್ದಲ್ಲ. ನಿನ್ನನ್ನು ತೋರಿಸಿ ಇವರು ಯಾರೆಂದು ನನ್ನ ಅಣ್ಣ ಕೇಳಿದಾಗ, ಪಕ್ಕದ ಫ್ಲ್ಯಾಟಿನ ನರ್ಸು, ನನ್ನ ಬಿಪಿ ನೋಡಲು ಜೊತೆಗೆ ಬಂದದ್ದು ಎಂದೆ. ನೀನು ಒಂದು ಕ್ಷಣ ನನ್ನನ್ನು ನೋಡಿ, ಬ್ಯಾಗಿನಿಂದ ಬಿಪಿ ಮೆಷಿನ್ ತೆಗೆದೆ. ಆಮೇಲೆ ಸುತ್ತಲಿನ ಹೆಂಗಸರೆಲ್ಲ ಸಾಲು ನಿಂತರು. ಹದಿನಾಲ್ಕು ಜನರ ಬಿಪಿ ನೋಡಿದೆ ನೀನು, ನಮ್ಮ ಜಗಲಿಯಲ್ಲಿ ಕೂತು. ಹೌದು, ಜಗಲಿಯಲ್ಲೇ.

ಆಲ್ರೊಯ್ ನಾಲ್ಕು ದಿನ ಅಲೋಕ್ ಎಂದರೆ ತಿರುಗಿ ನೋಡಿದ. ಐದನೇ ದಿನ ಬಾವಿಯ ಬಳಿ ಮುಖ ತೊಳೆಯುತ್ತಾ, ಆಂಟಿ, ಮಗುವಿನ ಬರ್ತ್ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಏನಂತ ಬರೆಸಲಿ ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ನಾನು ಬಟ್ಟೆ ಒಗೆಯುವ ನೆವ ಮಾಡಿ ತಲೆ ತಗ್ಗಿಸಿದೆ.

ಆದರೂ ನನ್ನದಕ್ಕೂ ನಿನ್ನದಕ್ಕೂ ವ್ಯತ್ಯಾಸ ಉಂಟು. ನಾನು ನಿನ್ನನ್ನು ಸುಳ್ಳು ಹೇಳಿ ಅಡಗಿಸಿದೆ, ಕೆಟ್ಟವಳನ್ನಾಗಿ ಮಾಡಲಿಲ್ಲ. ಈ ವಾಕ್ಯ ಬರೆಯುವಾಗ ಎಷ್ಟು ಗಟ್ಟಿಯಾಗಿತ್ತೋ, ಓದುವಾಗ ಅಷ್ಟು ಗಟ್ಟಿ ಕಾಣುತ್ತಿಲ್ಲ. ಆದರೆ ಹೊಡೆದು ಹಾಕುವುದಿಲ್ಲ, ಇರಲಿ.

ನಮ್ಮ ಗಂಡಸರಿಗೆ ಇದು ಯಾವುದೂ ತಟ್ಟಿಲ್ಲ. ಕೆಳಗೆ ಇದಿನಬ್ಬರ ಅಂಗಡಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಾರೆ. ಹೆಂಗಸರ ಜಗಳ ತಾನಾಗಿ ತಣಿಯುತ್ತದೆ ಎಂದು ಬರ್ನಾರ್ಡ್ ಹೇಳಿದನಂತೆ. ಎರಡೂ ಮನೆಯಲ್ಲಿ ಸುಳ್ಳು ಹೇಳುವಾಗ ಪಕ್ಕದಲ್ಲಿ ನಿಂತು ಗೋಡಂಬಿ ತಿಂದವರು ಇವರು. ಇವರಿಗೂ ಒಂದು ಕಾಗದ ಬರೆಯುವುದಿದೆ, ಶಾಯಿ ಉಳಿದರೆ.

ಕಳೆದ ಶುಕ್ರವಾರ ಮಕ್ಕಳು ಸಾಲ್ಮಿಯಾದಿಂದ ಬಂದು ಏನು ಹೇಳಿ ಹೋದರು ಎಂದು ನಿನಗೆ ಗೊತ್ತು, ನಿನ್ನ ಮನೆಯಲ್ಲೂ ಅದನ್ನೇ ಹೇಳಿರುತ್ತಾರೆ. ಅಶ್ಮಿತಾ ಕೂರಲೂ ಇಲ್ಲ. ಇಲ್ಲೇ ಹುಟ್ಟಿ ಬೆಳೆದವಳಲ್ಲವೇ, ಇಂಗ್ಲಿಷಿನಲ್ಲೇ ಶುರು ಮಾಡಿದಳು. ಫೈನ್ ಅಮ್ಮಾ, ನೀವಿಬ್ಬರೂ ಜಸ್ಟ್ ನೈಬರ್ಸ್ ಅಲ್ವಾ? ಮಗುವಿಗೂ ಹಾಗೇ ಕಲಿಸುತ್ತೇವೆ. ನೀವು ನೈಬರ್ ಆಂಟಿ ಒನ್, ಅವರು ನೈಬರ್ ಆಂಟಿ ಟೂ. ಊರಿಗೆ ಫೋನ್ ಮಾಡಿ ನಿಜ ಹೇಳುವವರೆಗೆ ಬಯಕೆಯೂ ಬೇಡ, ಆಸ್ಪತ್ರೆಗೆ ಯಾರೂ ಬರುವುದೂ ಬೇಡ.

ನನಗೆ ಸಿಟ್ಟು ನೆತ್ತಿಗೇರಿತು. ಮೊಮ್ಮಗುವಿನ ಬಾಯಲ್ಲಿ ನಾನು ನೈಬರ್ ಆಂಟಿಯೇ? ಏಳನೇ ತಿಂಗಳಲ್ಲಿ ಬಯಕೆ ಊಟ ಬಡಿಸಿ, ಮಗಳ ಮುಡಿಗೆ ಮಲ್ಲಿಗೆ ಇಟ್ಟು, ಗಂಡನ ಮನೆಯಿಂದ ತವರಿಗೆ ಕರೆತರಬೇಕೆಂದು ಎಷ್ಟು ಆಸೆ ಇಟ್ಟುಕೊಂಡಿದ್ದೆ. ನಿನ್ನ ಬಾಗಿಲಿನಿಂದ ನನ್ನ ಬಾಗಿಲಿಗೆ ನಾಲ್ಕು ಹೆಜ್ಜೆ. ಲೋಕದಲ್ಲೇ ಅತಿ ಹತ್ತಿರದ ತವರು ನನ್ನ ಮಗಳದ್ದು ಎಂದು ನಾವಿಬ್ಬರೂ ನಗಾಡಿದ್ದು ನೆನಪಿದೆಯೇ? ಏಳನೇ ತಿಂಗಳು ಸೋಮವಾರ ಹಿಡಿಯುತ್ತದೆ.

ಅದಕ್ಕೇ ನಿನ್ನೆ ಸಂಜೆ ನಾಲ್ಕಕ್ಕೆ ನಾನು ಕಟಪಾಡಿಗೆ ಫೋನ್ ಮಾಡಿದೆ. ಅಮ್ಮನಿಗೆ ಕಿವಿ ಮಂದ, ಸ್ಪೀಕರಿನಲ್ಲಿ ನಿಜವನ್ನೆಲ್ಲ ಕೂಗಿ ಕೂಗಿ ಹೇಳಬೇಕಾಯಿತು. ಹಾಗಾಗಿ ನೆರೆಕರೆಗೆಲ್ಲ ಒಟ್ಟಿಗೇ ಗೊತ್ತಾಯಿತು. ಅಣ್ಣ ಫೋನ್ ಕಿತ್ತುಕೊಂಡು, ಡಿಸೆಂಬರಿನಲ್ಲಿ ತನ್ನ ಮಗಳ ಮದುವೆಗೆ ನೀವು ಯಾರೂ ಬರುವುದು ಬೇಡ, ಆಮಂತ್ರಣ ಕಾಗದದಲ್ಲಿ ನಿಮ್ಮ ಹೆಸರೂ ಇರುವುದಿಲ್ಲ ಎಂದ. ಅವನ ಮಗಳಿಗೆ ನಾನೇ ಕರಿಮಣಿ ಆರಿಸಿ ಇಟ್ಟಿದ್ದೆ. ಅಳಬಾರದು ಎಂದುಕೊಂಡಿದ್ದೆ, ಆದರೂ ಅತ್ತುಬಿಟ್ಟೆ.

ಅಮ್ಮ ಮತ್ತೆ ಫೋನ್ ತೆಗೆದುಕೊಂಡಳು. ಅವಳಿಗೆ ಎಂಬತ್ತನಾಲ್ಕು ವರ್ಷ, ಇದುವರೆಗೆ ಅವಳು ನನ್ನನ್ನು ಅಷ್ಟು ಬೈದದ್ದು ನಾನು ಕೇಳಿಲ್ಲ. ಅಳಿಯನ ಜಾತಿಯನ್ನಾಗಲಿ, ಇಗರ್ಜಿಯನ್ನಾಗಲಿ ಅವಳು ಎತ್ತಲೇ ಇಲ್ಲ. ಮೊದಲ ಸಲ ಮನೆಗೆ ಬಂದ ಬೀಗಿತ್ತಿಯನ್ನು ಜಗಲಿಯಲ್ಲಿ ಕೂರಿಸಿ ಊರವರ ಬಿಪಿ ನೋಡಿಸಿದೆಯಾ? ಒಂದು ಸೀರೆ ಕೊಡದೆ, ಹಣೆಗೆ ಕುಂಕುಮ ಇಡಲೇ ಎಂದು ಸಹ ಕೇಳದೆ, ಬರಿಗೈಯಲ್ಲಿ ಕಳಿಸಿದೆಯಾ? ನನ್ನ ಮನೆಯ ಮರ್ಯಾದೆ ತೆಗೆದೆಯಲ್ಲ ಎಂದು ಕೂಗಿದಳು. ಬರುವ ವಾರ ಅಂಗಡಿಯ ಇದಿನಬ್ಬ ಊರಿನಲ್ಲಿ ರಜೆ ಮುಗಿಸಿ ಬರುವಾಗ ನಿನಗೆ ಅಮ್ಮ ಕಳಿಸುವ ಸೀರೆ ಬರುತ್ತದೆ. ಹಸಿರು ಬಣ್ಣದ್ದಂತೆ. ನಿನಗೆ ಹಸಿರು ಒಪ್ಪುವುದಿಲ್ಲ, ಆದರೂ ಉಡು.

ನನ್ನ ಪಾಲಿನ ಕೆಲಸ ಆಯಿತು. ಈಗ ನಿನ್ನ ಸರದಿ. ಲಿಜ್ಜಿ ಬಾಯಿಗೆ ಫೋನ್ ಮಾಡು. ಜಗಲಿಯಲ್ಲಿ ಅವರು ಹಿಡಿದುಕೊಂಡದ್ದು ಯಾರ ಕೈ ಎಂದು ಹೇಳು. ಅವರು ಸಿಟ್ಟಾಗುತ್ತಾರೆ, ನಿನ್ನ ಮೇಲೆ ಜಪಮಾಲೆ ಶುರು ಮಾಡುತ್ತಾರೆ, ಆಗಲಿ. ನನ್ನ ಅಣ್ಣನ ಬಾಗಿಲು ನನಗೆ ಮುಚ್ಚಿದೆ. ನಿನಗೂ ಒಂದು ಬಾಗಿಲು ಮುಚ್ಚಿದರೆ ಸಮ ಆಗುತ್ತದೆ ಎಂದು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಉಂಟು.

ನಿನ್ನ ನೆನಪು ನನಗೇನೂ ಆಗಿಲ್ಲ. ಐದು ವಾರದಿಂದ ಬಿಪಿ ನೋಡಿಸಿಲ್ಲ, ಅಷ್ಟೇ. ನಿನ್ನ ಕುಕ್ಕರ್ ಹತ್ತು ದಿನದಿಂದ ಎರಡೇ ಕೂಗು ಕೂಗಿ ನಿಲ್ಲುತ್ತಿದೆ. ಎರಡು ಕೂಗಿಗೆ ಕುಚ್ಚಲಕ್ಕಿ ಬೇಯುವುದಿಲ್ಲ ಎಂದು ಗೊತ್ತಿಲ್ಲವೇ? ಸರಿಯಾಗಿ ಬೇಯಿಸಿ ತಿನ್ನು, ನಿನ್ನ ಜೊತೆ ಜಗಳಕ್ಕೆ ಶಕ್ತಿ ಇರುವವಳು ಬೇಕು ನನಗೆ.

ಇಂತಿ,
ಇನ್ನೂ ಸಿಟ್ಟಿನಲ್ಲಿರುವ, ನಿನ್ನ ಬೀಗಿತ್ತಿ,
ರಾಜೀವಿ

ಮರೆತೆ: ಈ ಲಕೋಟೆಯ ಮೂಲೆಯಲ್ಲಿ ಟಿಶ್ಯೂ ಮಡಿಕೆ ಇದೆ, ಕಸವೆಂದು ಎಸೆಯಬೇಡ. ಒಳಗೆ ಎರಡು ಭತ್ತದ ಕಾಳು. ಶಿರ್ವದಲ್ಲಿ ಊಟವಾದ ಮೇಲೆ ಕೈ ತೊಳೆಯುವ ನೆವದಲ್ಲಿ ಒಳಗೆ ಹೋಗಿ ದೇವರ ಮುಂದಿನ ತಟ್ಟೆಯಲ್ಲಿ ಉಳಿದಿದ್ದ ತೆನೆಯಿಂದ ತೆಗೆದದ್ದು, ಒಂದು ನನ್ನ ಹೆಸರಿಗೆ, ಒಂದು ಕಾಂತಪ್ಪರ ಹೆಸರಿಗೆ. ಸೆರಗಿನ ತುದಿಗೆ ಕಟ್ಟಿ ವಿಮಾನದಲ್ಲಿ ತಂದೆ. ಸುಲಿಯುವ ಮೊದಲು ನೀವು ಹೇಳುವ ಪ್ರಾರ್ಥನೆ ನನಗೆ ಬಾರದು, ಅದಕ್ಕೇ ಇನ್ನೂ ಹಾಗೇ ಇವೆ. ಫೋನ್ ಮಾಡಿ ಮುಗಿಸಿದ ಮೇಲೆ ಪಾಯಸ ಇಡು, ನನ್ನ ಬಾಗಿಲು ತೆರೆದೇ ಇರುತ್ತದೆ. ದೇವರ ತಟ್ಟೆಯಿಂದ ಕದ್ದವಳು ಯಾರೆಂದು ಲಿಜ್ಜಿ ಬಾಯಿ ಕೇಳಿದರೆ, ನೆರೆಮನೆಯವಳು ಎನ್ನಬೇಡ.