ಹದಿನಾರರ ಹುಡುಗಿಗೆ ಯಾವ ಪುಸ್ತಕ

ಗವರ್ನರ್‌ಪೇಟೆ, ವಿಜಯವಾಡ
ಭಾನುವಾರ, ೨೩ ನವೆಂಬರ್ ೨೦೦೮

ಪ್ರೀತಿಯ ಪದ್ಮಾ,

ನಿನಗೂ ರಮಾಕಾಂತನಿಗೂ ನನ್ನ ಆಶೀರ್ವಾದ. ಪತ್ರದಲ್ಲಿ ಮೊದಲು ಕ್ಷೇಮಸಮಾಚಾರ, ಆಮೇಲೆ ಉಳಿದದ್ದು ಎನ್ನುವುದು ನಿನ್ನ ಮಾವನವರು ಬದುಕಿರುವವರೆಗೂ ನಡೆಸಿದ ಕಟ್ಟಳೆ. ಇವತ್ತು ಅದನ್ನು ಮುರಿಯುತ್ತೇನೆ. ಮೊದಲು ನನ್ನ ಪ್ರಶ್ನೆ. ಹದಿನಾರು ವರ್ಷದ ಹುಡುಗಿಗೆ ಓದಲು ಎಂಥ ಪುಸ್ತಕ ಕೊಡಬೇಕು?

ನಿನ್ನ ಶಾಲೆಯ ಲೈಬ್ರರಿ ಗೋಡೆಗೆ ನೀನು ಅಂಟಿಸಿದ್ದ ಹಾಳೆ ನನಗೆ ಈಗಲೂ ಬಾಯಿಪಾಠ. ಐದರಿಂದ ಏಳು ವರ್ಷದವರಿಗೆ ಕೆಂಪು ಚೀಟಿಯ ಪುಸ್ತಕಗಳು, ಪುಟದ ತುಂಬ ಚಿತ್ರ, ಕೆಳಗೆ ಒಂದೇ ಸಾಲು. ಎಂಟರಿಂದ ಹತ್ತಕ್ಕೆ ಹಳದಿ ಚೀಟಿ, ಪ್ರಾಣಿಗಳ ಕಥೆ, ಕಳ್ಳನನ್ನು ಹಿಡಿಯುವ ಜಾಣ ಮಂತ್ರಿಯ ಕಥೆ. ಹನ್ನೊಂದು ದಾಟಿದವರಿಗೆ ಹಸಿರು, ಅದರಲ್ಲಿ ಸಮುದ್ರಯಾನ, ಪತ್ತೇದಾರಿ. ಹದಿನಾಲ್ಕು ಹದಿನೈದಕ್ಕೆ ನೀಲಿ, ದೊಡ್ಡವರ ಜೀವನಚರಿತ್ರೆ, ವಿಜ್ಞಾನ. ಅಲ್ಲಿಗೆ ಹಾಳೆ ಮುಗಿಯುತ್ತಿತ್ತು. ಹತ್ತನೇ ತರಗತಿ ಆದ ಮೇಲೆ ಮಕ್ಕಳು ಏನು ಓದಬೇಕು ಎಂದು ನೀನು ಬರೆಯಲೇ ಇಲ್ಲವಲ್ಲ ತಾಯಿ.

ಯಾರಿಗೆ ಎಂದು ಕೇಳುತ್ತೀಯ. ನಮ್ಮ ಹರ್ಷಿತಾಳಿಗೆ. ಬ್ಯಾಂಕಿನ ದಿನೇಶರ ಮಗಳು, ನಾಲ್ಕನೇ ತರಗತಿಯಲ್ಲಿದ್ದ ಆ ಎರಡು ಜಡೆಯ ಹುಡುಗಿ. ಈಗ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದಲು ಇಲ್ಲಿಗೇ ಬಂದು ಹಾಸ್ಟೆಲಿನಲ್ಲಿದ್ದಾಳೆ. ದಿನೇಶರಿಗೆ ಕರ್ನೂಲಿಗೆ ವರ್ಗವಾಗಿದೆ. ನಿನ್ನ ಮೈದುನ ಗುರುದತ್ತನೂ ಅದೇ ಬ್ಯಾಂಕಿನವನಲ್ಲವೇ, ಮಾತಿಗೆ ಮಾತು ಬಂದು ಗುರುತು ಹತ್ತಿತು. ಗುರುದತ್ತ ಅವಳಿಗೆ ಲೋಕಲ್ ಗಾರ್ಡಿಯನ್ ಎಂದು ಸಹಿ ಹಾಕಿದ. ಈಗ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಾಳೆ. ಮೊದಲ ಸಲ ಬಾಗಿಲಲ್ಲಿ ನಿಂತಾಗ ನನಗೆ ಗುರುತೇ ಸಿಗಲಿಲ್ಲ. "ಅಜ್ಜಿ" ಎಂದ ದನಿ ಕೇಳಿದ ಮೇಲೆ ಸಿಕ್ಕಿತು. ಆವತ್ತಿನಿಂದ ನನಗೆ ಹಗಲೆಲ್ಲ ವಿಶಾಖಪಟ್ಟಣದ್ದೇ ಧ್ಯಾನ.

ನಾನು ತಿಪಟೂರಿನಿಂದ ನಿಮ್ಮಲ್ಲಿಗೆ ಬಂದ ಹೊಸದರಲ್ಲಿ ನಿನಗೆ ಎಷ್ಟು ಕಷ್ಟ ಕೊಟ್ಟೆನೋ! ದ್ವಾರಕಾ ನಗರದ ಎರಡನೇ ಮಹಡಿ, ಕೆಳಗೆ ಬಸ್ಸು ಆಟೋಗಳ ಗದ್ದಲ, ಮೇಲೆ ಮಾತಿಗೆ ಒಂದು ಜೀವವಿಲ್ಲ. ರಮಾಕಾಂತ ಔಷಧಿ ಕಾರ್ಖಾನೆಗೆ, ನೀನು ಶಾಲೆಗೆ. ಎದುರು ಮನೆಯವರು ಒಳ್ಳೆಯವರೇ, ದಿನವೂ "ಭೋಂಚೇಶಾರಾ ಅಂಡಿ" ಎಂದು ಕೇಳುತ್ತಿದ್ದರು. ಊಟವಾಯಿತೇ ಎಂದು ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಏನೋ ಗದರುತ್ತಿದ್ದಾರೆ ಎಂದೇ ತಿಳಿದಿದ್ದೆ. ಸಂಜೆ ನೀನು ಬಂದರೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದೆ. ನೀನೂ ಮಾತು ಕಡಿಮೆಯವಳು. ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಪಾತ್ರೆಗಳ ಮೂಲಕವೇ ಮಾತಾಡುತ್ತಿದ್ದೆವು.

ಒಂದು ಬೆಳಿಗ್ಗೆ ನೀನು ನನ್ನ ಚಪ್ಪಲಿ ತಂದು ಎದುರಿಗಿಟ್ಟು, "ಅತ್ತೆ, ಲೈಬ್ರರಿಗೆ ಹೊಸ ಪುಸ್ತಕ ಬಂದಿವೆ. ವಯಸ್ಸಿನ ಪ್ರಕಾರ ಬೇರೆ ಮಾಡಬೇಕು. ನೀವೂ ಬನ್ನಿ, ಚೀಟಿ ಅಂಟಿಸಿಕೊಡಿ" ಎಂದೆ. ನನ್ನನ್ನು ಗ್ಯಾಸಿನ ಒಲೆಯ ಜೊತೆ ಒಂಟಿಯಾಗಿ ಬಿಡಲು ಹೆದರಿ ಕರೆಯುತ್ತಿದ್ದೀಯ ಎಂದುಕೊಂಡೆ. ಆದರೂ ಬಂದೆ.

ಆ ಕೋಣೆಯ ವಾಸನೆ ಈಗಲೂ ಮೂಗಿನಲ್ಲಿದೆ. ಹೊಸ ಪುಸ್ತಕದ ಅಂಟು, ಸಮುದ್ರದ ಕಡೆಯಿಂದ ಬರುವ ಉಪ್ಪುಗಾಳಿ. ಪುಸ್ತಕಗಳಿಗೂ ತೇವ ಹಿಡಿಯುತ್ತದೆ ಎಂದು ನೀನು ಬಿಸಿಲು ಬಂದಾಗಲೆಲ್ಲ ಕಿಟಕಿ ತೆರೆಯುತ್ತಿದ್ದೆ. ನಾನು ಒಂದನೇ ತರಗತಿಯವರ ಪುಟ್ಟ ಕುರ್ಚಿಯಲ್ಲಿ ಕೂತು, ಕೆಂಪು ಚೀಟಿ ಅಂಟಿಸುತ್ತಾ, ಅದರೊಳಗಿನ ತೆಲುಗು ಅಕ್ಷರ ನೋಡುತ್ತಿದ್ದೆ. ನಮ್ಮ ಅಕ್ಷರಗಳೇ, ನೆಂಟರ ಮನೆಗೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡ ಹಾಗೆ. ತಲೆಕಟ್ಟು ಮಾತ್ರ ಮೇಷ್ಟ್ರು ಪ್ರತಿ ಅಕ್ಷರಕ್ಕೂ ಸರಿ ಗುರುತು ಹಾಕಿದಂತೆ ಮೇಲೆದ್ದಿರುತ್ತಿತ್ತು. ಮಕ್ಕಳು ನನ್ನನ್ನು "ಮಾಮ್ಮಗಾರು", ಅಜ್ಜಿಯವರೇ, ಎಂದು ಕರೆಯಲು ಶುರು ಮಾಡಿದರು. ಆಮೇಲೆ ಬೆಳಗಾದರೆ ನಾನೇ ನಿನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದೆ.

ಹರ್ಷಿತಾಳನ್ನು ನಾನು ನೋಡಿದ್ದು ಅಲ್ಲೇ. ಕೆಂಪು ಚೀಟಿಯ ಪುಸ್ತಕವೊಂದಕ್ಕೆ ಕೈಹಾಕಿದಳು. ಸ್ನಾನಕ್ಕೆ ಒಲ್ಲೆ ಎನ್ನುವ ಎಮ್ಮೆಕರುವಿನ ಕಥೆ. ಹಿಂದಿನಿಂದ ಯಾರೋ "ಚಿನ್ನಪಿಲ್ಲಲ ಬುಕ್! ಚಿನ್ನಪಿಲ್ಲಲ ಬುಕ್!" ಎಂದು ನಕ್ಕರು, ಚಿಕ್ಕ ಮಕ್ಕಳ ಪುಸ್ತಕ ಎಂದು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು, ಹಸಿರು ಚೀಟಿಯ ದಪ್ಪ ಪುಸ್ತಕ ಎಳೆದುಕೊಂಡು ಮೂಲೆಯಲ್ಲಿ ಕೂತಳು. ಗಂಟೆ ಹೊಡೆಯುವವರೆಗೂ ಒಂದು ಹಾಳೆ ತಿರುಗಿಸಲಿಲ್ಲ.

ಅವಳಿಗೆ ಓದಲು ಬರುವುದಿಲ್ಲ ಎಂದು ಆಮೇಲೆ ನೀನೇ ಹೇಳಿದೆ. ರಾಯಚೂರಿನಲ್ಲಿ ಒಂದನೇ ತರಗತಿ ಕನ್ನಡದಲ್ಲಿ, ಅದು ಕೈಗೆ ಹತ್ತುವ ಮೊದಲೇ ಅಪ್ಪನಿಗೆ ವರ್ಗ, ಇನ್ನೊಂದು ಊರಲ್ಲಿ ಇಂಗ್ಲಿಷು, ಇಲ್ಲಿ ಬಂದರೆ ತೆಲುಗು. ಮೂರು ಮನೆಯ ನೆಂಟ ಉಪವಾಸ ಸತ್ತ ಎನ್ನುವಂತೆ ಯಾವ ಅಕ್ಷರವೂ ನೆಲೆ ನಿಂತಿರಲಿಲ್ಲ. ಅವಳನ್ನು ಎರಡನೇ ತರಗತಿಗೆ ಇಳಿಸಬೇಕೆಂದು ಶಾಲೆಯಲ್ಲಿ ಮಾತು ನಡೆದಿತ್ತು. ಒಂಬತ್ತು ವರ್ಷದ ಮಗುವನ್ನು ಏಳು ವರ್ಷದವರ ಬೆಂಚಿನಲ್ಲಿ ಕೂರಿಸಿದರೆ ಅದು ಆಮೇಲೆ ತಲೆ ಎತ್ತುತ್ತದೆಯೇ?

ಮಾರನೇ ವಾರ ಆ ಎಮ್ಮೆಕರುವಿನ ಪುಸ್ತಕ ಹಿಡಿದುಕೊಂಡು ನಾನೇ ಅವಳನ್ನು ಕರೆದೆ. "ನಂಗೆ ತೆಲುಗು ಬರಲ್ಲ ಕಣೇ ಮಗಳೇ. ಇದೇನಕ್ಷರ ಅಂತ ಹೇಳಿಕೊಡ್ತೀಯಾ?" ಎಂದೆ. ಕನ್ನಡ ಕೇಳಿ ಕಣ್ಣರಳಿಸಿದಳು. ಅಕ್ಷರ ನೋಡಿ ಮುಖ ಇಳಿಯಿತು. "ನಾಳೆ ಹೇಳ್ತೀನಿ ಅಜ್ಜಿ" ಎಂದು ಓಡಿದಳು. ಮಾರನೇ ದಿನ ಟೀಚರನ್ನು ಕೇಳಿಕೊಂಡು ಬಂದು ಹೇಳಿಯೇಬಿಟ್ಟಳು. ಹೀಗೆ ನಡೆಯಿತು ನಮ್ಮ ಶಾಲೆ. ದಿನ ಊಟದ ಬಿಡುವಿನಲ್ಲಿ ಅವಳು ಕಲಿತು ಬಂದು ನನಗೆ ಕಲಿಸುವಳು. ಬದಲಿಗೆ ನಾನು ಅದೇ ಅಕ್ಷರವನ್ನು ಕನ್ನಡದಲ್ಲಿ ಬರೆದು ತೋರಿಸುವೆ. ನನಗೆ ಅವಳೇ ಗುರು, ಇವತ್ತಿಗೂ ಎಲ್ಲರ ಎದುರಿಗೂ ಹಾಗೇ ಹೇಳುತ್ತೇನೆ.

ಯಾರೋ ಹೆಡ್‌ಮಿಸ್ಟ್ರೆಸ್ ಕಿವಿಗೆ ಹಾಕಿದರು. ನಾಲ್ಕನೇ ತರಗತಿಯ ಮಗು ಒಂದನೇ ತರಗತಿಯ ಪುಸ್ತಕ ಓದುತ್ತದೆ, ಲೈಬ್ರರಿಯಲ್ಲಿ ಟೀಚರಮ್ಮನ ಅತ್ತೆ ಬಂದು ಕೂರುತ್ತಾರೆ ಎಂದು. ನಿನಗೆ ಕರೆ ಬಂತು, ಹುಡುಗಿಗೂ ಅವಳ ಅಪ್ಪನಿಗೂ ಬಂತು. ನನ್ನಿಂದ ನಿನ್ನ ಕೆಲಸಕ್ಕೆ ಕುತ್ತಾಯಿತು ಎಂದು ಹೆದರಿದೆ. ನಾನು ಮನೆಗೆ ಹೊರಟರೆ ನೀನು ಬಿಡಲಿಲ್ಲ. ಎಂದೂ ದನಿ ಏರಿಸದ ನೀನು ಅವತ್ತು ಆ ದೊಡ್ಡ ಮೇಜಿನ ಎದುರು ನಿಂತು ಹೇಳಿದ ಮಾತು ನನಗೆ ಹಬ್ಬದ ಅಡುಗೆಯ ಹಾಗೆ ನೆನಪಿದೆ. "ವಯಸ್ಸಿನ ಪಟ್ಟಿ ನಾನೇ ಮಾಡಿದ್ದು ಮೇಡಂ. ಈ ಮಗುವಿನ ವಿಷಯದಲ್ಲಿ ಅದು ತಪ್ಪು. ಇಳಿಸುವ ಮೊದಲು ಇವಳು ಓದುವುದನ್ನು ಒಮ್ಮೆ ಕೇಳಿ" ಎಂದೆ.

"ಸರಿ, ಈಗಲೇ ಓದಲಿ" ಎಂದರು ಅವರು.

ಹುಡುಗಿ ಪುಸ್ತಕ ಹಿಡಿದು ನಿಂತಳು. ಬಾಯಿಯೇ ಬಿಡಲಿಲ್ಲ. ದಿನೇಶರು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಸುಮ್ಮನೆ ಅವಳ ಪಕ್ಕ ಹೋಗಿ ನಿಂತು, ನಾನೇ ಓದಲು ಶುರು ಮಾಡಿದೆ. ಗಾಬರಿಯಲ್ಲಿ "ಗೇದೆ" ಎನ್ನುವುದನ್ನು "ಗೋಡೆ" ಎಂದು ಓದಿಬಿಟ್ಟೆ. ಗೋಡೆ ಸ್ನಾನಕ್ಕೆ ಬರಲಿಲ್ಲವಂತೆ!

"ಗೋಡೆ ಅಲ್ಲ ಅಜ್ಜಿ, ಗೇದೆ! ಎಮ್ಮೆ! ಗೋಡೆ ಎಲ್ಲಾದ್ರೂ ಸ್ನಾನ ಮಾಡುತ್ತಾ? ಕೊಡಿ ಇಲ್ಲಿ" ಎಂದು ಪುಸ್ತಕ ಕಿತ್ತುಕೊಂಡು, ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ಓದಿ ಮುಗಿಸಿದಳು. ತಡವರಿಸಿದಳು, ನಿಲ್ಲಲಿಲ್ಲ. ಹೆಡ್‌ಮಿಸ್ಟ್ರೆಸ್ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿ ನಾಲ್ಕರಲ್ಲೇ ಉಳಿದಳು. ಯಾವ ಮಗು ಯಾವ ಕಪಾಟಿನಿಂದ ಬೇಕಾದರೂ ತೆಗೆದುಕೊಳ್ಳಬಹುದು ಎಂದು ಅಂದಿನಿಂದ ಹೊಸ ನಿಯಮವಾಯಿತು.

ಆ ಸಂಜೆ ನೀನು ನನ್ನನ್ನು ಬೀಚಿಗೆ ಕರೆದುಕೊಂಡು ಹೋಗಿ ಮುರಿ ಮಿಕ್ಸ್ಚರ್ ಕೊಡಿಸಿದೆ. ನಮ್ಮ ಚುರುಮುರಿಯ ತಂಗಿ ಅದು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ನೀನು ನಗುತ್ತಾ ನಗುತ್ತಾ ನನ್ನ ಭುಜಕ್ಕೆ ಒರಗಿದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಅದೇ ಮೊದಲು. ಪದ್ಮಾ, ಕೃಷ್ಣೆಯ ದಂಡೆಯಲ್ಲಿ ಕೂತರೂ ನನಗೆ ಆ ಅಲೆಯ ಸದ್ದೇ ಬೇಕೆನಿಸುತ್ತದೆ. ಗುರುದತ್ತನ ಮಗು ಆದರ್ಶನನ್ನು ಆಡಿಸುವುದರಲ್ಲಿ ಹೊತ್ತು ಹೋಗುತ್ತದೆ ನಿಜ. ಆದರೆ ಇಲ್ಲಿ ಪುಸ್ತಕದ ವಾಸನೆಯಿಲ್ಲ.

ಈಗ ಅದೇ ಹರ್ಷಿತಾ ಹಾಸ್ಟೆಲಿನಲ್ಲಿ ಬೆಳಕು ಹರಿಯುವ ಮೊದಲು ಎದ್ದು ರಾತ್ರಿವರೆಗೆ ಲೆಕ್ಕ, ಫಿಸಿಕ್ಸ್ ಎಂದು ಕೂರುತ್ತಾಳೆ. ವಾರ ವಾರ ಪರೀಕ್ಷೆ, ವಾರ ವಾರ ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕು. ಕಥೆ ಪುಸ್ತಕ ಇಟ್ಟುಕೊಂಡಿದ್ದಳೆಂದು ವಾರ್ಡನ್ ಕಿತ್ತುಕೊಂಡರಂತೆ. ದಸರೆಯ ಹೊತ್ತಿಗೆ ಊಟ ಬಿಟ್ಟು ಕಡ್ಡಿಯಾಗಿದ್ದಳು. "ಅಜ್ಜಿ, ನಾನು ವಾಪಸ್ ಹೋಗ್ತೀನಿ, ನನ್ನ ಕೈಲಾಗಲ್ಲ" ಎಂದು ನನ್ನ ಮಡಿಲಲ್ಲಿ ಅತ್ತಳು. ಈ ಸಾಲು ಬರೆಯಲು ಅವಳು ಒಪ್ಪುತ್ತಿಲ್ಲ, ನಾನು ಗದರಿ ಬರೆಸುತ್ತಿದ್ದೇನೆ. ಹೌದು, ಈ ಪತ್ರ ಅವಳ ಕೈಬರಹ. ಅವಳ ಕನ್ನಡ ತುಂಬ ಹಿಂದೆ ಬಿದ್ದಿದೆ, ಅಭ್ಯಾಸವಾಗಲಿ ಎಂದು ನಾನು ಹೇಳಿ ಅವಳ ಕೈಲಿ ಬರೆಸುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಗುರುವಿನ ತಪ್ಪು ಎಂದು ತಿಳಿ.

ಅವತ್ತು ಅವಳಿಗೆ ನಾನು ಏನೂ ಬುದ್ಧಿ ಹೇಳಲಿಲ್ಲ. ಮನೆಯಲ್ಲಿದ್ದ ಒಂದು ಹಳೆಯ ಕನ್ನಡ ಕಥೆ ಪುಸ್ತಕ ತೆಗೆದು, ಓದು ಎಂದೆ. ಸಂಜೆಯವರೆಗೆ ಓದಿದಳು. ಎರಡು ಚಪಾತಿ ಹೆಚ್ಚಿಗೆ ತಿಂದಳು. ಮುಂದಿನ ವಾರವೂ ಬಂದಳು. ಈಗ ವಾಪಸ್ ಹೋಗುವ ಮಾತಿಲ್ಲ. ಆದರೆ ಮನೆಯಲ್ಲಿದ್ದ ಪುಸ್ತಕ ಮುಗಿದುಹೋಯಿತು. ಗವರ್ನರ್‌ಪೇಟೆಯ ಅಂಗಡಿಗಳಲ್ಲಿ ಗೈಡುಗಳ ರಾಶಿ, ಕನ್ನಡದ್ದು ಒಂದು ಹಾಳೆಯೂ ಸಿಗದು. ನಿನ್ನ ಗೋಡೆಯ ಹಾಳೆಯನ್ನು ಇನ್ನೊಂದು ಸಾಲು ಮುಂದುವರಿಸು. ಹದಿನಾರಕ್ಕೆ ಏನು? ಬಹಳ ದುಃಖದ್ದು ಬೇಡ. ಉಪದೇಶ ಮಾಡುವಂಥದ್ದು ಬೇಡವೇ ಬೇಡ, ಅದು ಅವಳಿಗೆ ಹಾಸ್ಟೆಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ಯಾರಾದರೂ ಬರುವವರ ಕೈಲಿ ಕಳಿಸು.

ಇನ್ನು ಕ್ಷೇಮಸಮಾಚಾರ. ಎಲ್ಲರೂ ಆರೋಗ್ಯ. ಫೋನಿನಲ್ಲಿ ನನ್ನ ಕಣ್ಣಿನ ವಿಷಯ ಕೇಳಿದೆಯಲ್ಲ, ಗುರುದತ್ತ ಹೊಸ ಕನ್ನಡಕ ಮಾಡಿಸಿದ್ದಾನೆ. ಚಿಂತೆ ಮಾಡಬೇಡ. ರಮಾಕಾಂತನಿಗಂತೂ ಏನೂ ಹೇಳಬೇಡ, ಅವನು ಸುಮ್ಮನೆ ರಜ ಹಾಕಿ ಓಡಿ ಬರುತ್ತಾನೆ.

ನಿನ್ನ ಭುಜಕ್ಕೆ ಒರಗಲು ಕಾದಿರುವ,
ಅತ್ತೆ ಗಿರಿಜಮ್ಮ

ಮರೆತ ಮಾತು: ಪದ್ಮಾ ಮಿಸ್, ಇದು ಅಜ್ಜಿಯದಲ್ಲ, ನನ್ನದು. ಅವರು ಕಾಫಿಗೆ ಒಳಗೆ ಹೋಗಿದ್ದಾರೆ, ಗೋಡೆ ಹಿಡಿದುಕೊಂಡು. ಸಕ್ಕರೆ ಕಾಯಿಲೆ ಕಣ್ಣಿನ ಒಳಪೊರೆಗೆ ತಾಗಿದೆಯಂತೆ, ಕನ್ನಡಕದಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಗುರುದತ್ ಅಂಕಲ್‌ಗೆ ಹೇಳಿದ್ದಾರೆ. ಅಜ್ಜಿಗೆ ಈಗ ಅಕ್ಷರ ಕಾಣುವುದಿಲ್ಲ. ನಿಮಗೆ ಬರೆಯಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದಿದ್ದೇನೆ. ನೀವು ಬನ್ನಿ ಮಿಸ್.

ಇನ್ನೊಂದು ವಿಷಯ. ಲೈಬ್ರರಿಯಲ್ಲಿ ನನ್ನಿಂದ ಕಲಿಯುತ್ತಿದ್ದಾಗಲೇ ಅವರಿಗೆ ತೆಲುಗು ಓದಲು ಚೆನ್ನಾಗಿ ಬರುತ್ತಿತ್ತು. ಒಂದು ದಿನ ನಾನು ಬೇಗ ಬಂದಾಗ ಕಿಟಕಿಯ ಹತ್ತಿರ ಹಸಿರು ಚೀಟಿಯ ದಪ್ಪ ತೆಲುಗು ಪುಸ್ತಕ ಓದಿಕೊಂಡು ಒಬ್ಬರೇ ನಗುತ್ತಿದ್ದರು. ನಾನು ಹೊರಗೆ ಹೋಗಿ, ಚಪ್ಪಲಿ ಸದ್ದು ಮಾಡಿಕೊಂಡು ಮತ್ತೆ ಒಳಗೆ ಬಂದೆ. ಅಷ್ಟರಲ್ಲಿ ಕೈಯಲ್ಲಿ ಎಮ್ಮೆಕರು ಇತ್ತು. ನಾನು ಯಾರಿಗೂ ಹೇಳಲಿಲ್ಲ.

ನನ್ನ ಕನ್ನಡ ಹಿಂದೆ ಬಿದ್ದಿಲ್ಲ. ಓದಲು ಬರುವುದಿಲ್ಲ, ಹೇಳಿಕೊಡಿ ಎಂದು ನಾನೇ ಅವರಿಗೆ ಹೇಳಿದ್ದೇನೆ. ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾ ಪುಟಕ್ಕೆ ಒಂದೆರಡು ಕಡೆ ಬೇಕೆಂದೇ ತಪ್ಪು ಓದುತ್ತೇನೆ. ಹೋದ ವಾರ ಬೆಕ್ಕು ಹಲ್ಲು ಕುಡಿಯಿತು ಎಂದು ಓದಿದೆ. "ಹಾಲು ಕಣೇ, ಹಾಲು!" ಎಂದು ಎಷ್ಟು ನಕ್ಕರು ಗೊತ್ತಾ.

ದೊಡ್ಡ ಅಕ್ಷರದ ಪುಸ್ತಕ ಹುಡುಕಬೇಡಿ. ಗಟ್ಟಿಯಾಗಿ ಓದಿದರೆ ಕೇಳಲು ಚೆನ್ನಾಗಿರುವಂಥದ್ದು ಕಳಿಸಿ. ಅರವತ್ತೆಂಟು ವರ್ಷದವರಿಗೆ.

ಹರ್ಷಿತಾ