ಬೈಠಕ್ ಖಾನೆಯ ಬಚ್ಚಲು

ಭದ್ರಾವತಿ
೯ ನವೆಂಬರ್ ೨೦೨೪

ಅರ್ಮಾನನ ಅಮ್ಮೀ, ಸಲಾಮ್.

ಕಾಲು ಹೇಗಿದೆ? ರಾಡ್ ಹಾಕಿದ ಕಡೆ ಚಳಿಗೆ ಎಳೆಯುತ್ತದೆ ಎಂದು ಮಗಳು ಅಂಬ್ರೀನ್ ಹೇಳಿದಳು. ಗೋಪಾಳದ ಅವಳ ಮನೆಯಲ್ಲಿ ಬಿಸಿನೀರು ನಲ್ಲಿಯಲ್ಲೇ ಬರುತ್ತದೆ, ಸಂಕೋಚಪಡದೆ ಕಾಲಿಗೆ ಹುಯ್ದುಕೋ. ಫೋನ್ ಮಾಡಿದರೆ ‘ಆಯ್ತು, ಇಡಿ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಅರ್ಮಾನನ ಕೈಯಲ್ಲಿ ಕಾಗದ ಕಳಿಸಿದ್ದೇನೆ. ಅಂಬ್ರೀನಳಿಂದ ಓದಿಸಬೇಡ, ನೀನೇ ಓದು.

ಇಲ್ಲಿ ಉಣ್ಣುವ ಅನ್ನದಲ್ಲೂ ಸಿಮೆಂಟಿನ ಧೂಳು. ನನಗೆ ಸಾಕಾಗಿಹೋಗಿದೆ. ಯಾವ ಕಾಲದಲ್ಲೋ ಯಾರೋ ಇಂಜಿನಿಯರ್ ದೊರೆಗೆಂದು ಕಟ್ಟಿದ ಈ ಕಾಟೇಜು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದಾಗ ನಾವಿಬ್ಬರೂ ಬೀದಿಗೆಲ್ಲ ಮಿಠಾಯಿ ಹಂಚಿದೆವು. ಈಗ ಹೊರಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಏನು ಮಾಡಿದರೂ ಒಳಗೇ ಮಾಡಿಕೊಳ್ಳಬೇಕು, ಹಳೆಯ ಗೋಡೆ ಬಾಗಿಲು ಮುಟ್ಟುವಂತಿಲ್ಲ. ಬೆಳಗಿನ ಫಜ್ರ್ ನಮಾಜಿಗೆಂದು ಎದ್ದು ಹಿತ್ತಲಿನ ಬಚ್ಚಲಿಗೆ ಹೋಗುವಾಗ ನೀನು ಜಾರಿ ಬಿದ್ದೆಯಲ್ಲ, ಆಸ್ಪತ್ರೆಯಲ್ಲಿ ಮಲಗಿಕೊಂಡು ‘ಹಿತ್ತಲಿಗೆ ಓಡಾಡೋ ಮನೆಗೆ ಇನ್ನು ನಾನು ಬರಲ್ಲ’ ಎಂದೆ. ನಾನು ಆ ಮಾತನ್ನೇ ಹಿಡಿದುಕೊಂಡು ಕೆಲಸ ಶುರು ಮಾಡಿಸಿದೆ.

ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಬಚ್ಚಲು ಎಂದು ತೀರ್ಮಾನವಾಗಿತ್ತು. ಪ್ಲಂಬರ್ ಮಲ್ಲೇಶ್ ಕಮೋಡ್ ಕೂರಿಸಿ, ಸಿಮೆಂಟ್ ಹಾಕಿ, ಒಣಗಿಸಿ, ಸಂತೋಷದಿಂದ ಎಲ್ಲರನ್ನೂ ಕರೆದ. ಸೊಸೆ ನೌರೀನ್ ಒಳಗೆ ಇಣುಕಿದವಳೇ ಬಾಯಿಗೆ ಸೆರಗು ಹಿಡಿದಳು. ಕಿಬ್ಲಾಕ್ಕೇ ನೇರ ಮುಖ! ನಮ್ಮಲ್ಲಿ ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ. ನಾವು ನಮಾಜಿಗೆ ನಿಲ್ಲುವ ಕಿಬ್ಲಾದ ಕಡೆ ಅಲ್ಲಿ ಕೂತಾಗ ಮುಖವನ್ನೂ ಹಾಕಬಾರದು, ಬೆನ್ನನ್ನೂ ಹಾಕಬಾರದು ಎಂದು ಬಿಡಿಸಿ ಹೇಳಿದೆ. ‘ವಾಸ್ತು ಅಂತ ನಮ್ಮೋರು ತಲೆ ತಿಂತಾರೆ ಸಾಬ್ರೆ, ನಿಮ್ಮಲ್ಲೂ ಬಿಡಲ್ವಾ’ ಎಂದು ಗೊಣಗುತ್ತಲೇ ಒಡೆದು, ಅಡ್ಡಕ್ಕೆ ತಿರುಗಿಸಿ ಕೂರಿಸಿದ. ನಾನು ಕೂತು ನೋಡಿದೆ. ನನ್ನ ಮಂಡಿಯೇ ಗೋಡೆಗೆ ತಾಗಿತು. ಮಡಚಲಾಗದ ನಿನ್ನ ಕಾಲನ್ನು ಎಲ್ಲಿ ನೀಡುತ್ತೀ? ಉಗ್ರಾಣ ಅಷ್ಟೇ ಅಗಲ, ಗೋಡೆ ಸರಿಸುವಂತಿಲ್ಲ. ಆ ದಿನ ನಾನು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ.

ಆಮೇಲೆ ಉಳಿದದ್ದು ಬಂದವರನ್ನು ಕೂರಿಸುವ ನನ್ನ ಬೈಠಕ್ ಖಾನೆಯೊಂದೇ. ಅದರ ಮೂಲೆಯಲ್ಲಿ ಹೊಸ ಅಡ್ಡಗೋಡೆ ಎಬ್ಬಿಸಿದರೆ ಕಾಲು ನೀಡುವಷ್ಟು ಜಾಗ ಸಿಗುತ್ತದೆ. ಅರ್ಮಾನ್ ಸುತರಾಂ ಒಪ್ಪಲಿಲ್ಲ.

‘ಅಬ್ಬಾ, ಬಾಗಿಲು ತೆಗೆದ್ ಕೂಡ್ಲೇ ಬಾತ್‌ರೂಮ್ ಕಂಡ್ರೆ ಬಂದೋರು ಏನಂತಾರೆ?’

‘ಬಂದೋರು ಚಾ ಕುಡಿದು ಹೋಗ್ತಾರೆ ಮಾರಾಯ. ನಿನ್ನ ಅಮ್ಮಿ ಇಲ್ಲೇ ಇರ್ಬೇಕಾದೋಳು.’

ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅವನೇ ಅಲ್ಲಿನ ದಿವಾನ್ ಮಂಚವನ್ನು ಹೊರಗೆಳೆದ. ಅದೀಗ ಜಗಲಿಯಲ್ಲಿದೆ. ಗೆಳೆಯ ಸುಬ್ಬಪ್ಪ ಬಂದರೆ ಅಲ್ಲೇ ಕೂತು ಪೇಪರ್ ಓದುತ್ತಾನೆ, ಬೈಠಕ್ಕಿಗಿಂತ ಗಾಳಿ ಚೆನ್ನಾಗಿದೆ ಎನ್ನುತ್ತಾನೆ. ನನ್ನ ಮನಸ್ಸು ನೋಯಬಾರದೆಂದು ಹೇಳಿದ್ದಿರಬೇಕು. ಅಡ್ಡಗೋಡೆ ಮುಗಿದಿದೆ, ನೆಲಕ್ಕೆ ಜಾರದ ಟೈಲ್ಸ್ ಹಾಕಿಸಿದ್ದೇನೆ. ಈ ಸಲ ಕಮೋಡ್ ಕೂರಿಸುವ ಮುಂಚೆ ಮಲ್ಲೇಶನೇ ನಮಾಜಿನ ಚಾಪೆ ಜಾನಮಾಜ್ ತರಿಸಿ, ಹಾಸಿಸಿ, ದಿಕ್ಕು ನೋಡಿಕೊಂಡ.

ನೌರೀನ್ ನಿನಗೆ ಸಲಾಮ್ ಹೇಳಿದ್ದಾಳೆ. ಅಂಬ್ರೀನಳಿಗೂ ಮಕ್ಕಳಿಗೂ ನನ್ನ ದುವಾ. ಅಲ್ಲಾಹ್ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ
ಮೆಹಬೂಬ್

ಮರೆತಿದ್ದೆ: ಗೋಡೆಗೆ ಹಿಡಿಕೆ ಕೂರಿಸಬೇಕು, ಒಂದೇ ಕಡೆ ಜಾಗವಿರುವುದು. ಏಳುವಾಗ ಅಮ್ಮ ಯಾವ ಕೈ ಊರುತ್ತಾರೆ ಎಂದು ಮಲ್ಲೇಶ್ ಕೇಳಿದ. ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷವೂ ನಾನು ಕಣ್ಣು ಬಿಡುವ ಮೊದಲೇ ನೀನು ಎದ್ದಾಗಿರುತ್ತಿತ್ತು. ಬಲವೋ ಎಡವೋ, ಅರ್ಮಾನನಿಗೆ ಹೇಳಿ ಕಳಿಸು. ಮಲ್ಲೇಶ್ ಡ್ರಿಲ್ ಹಿಡಿದು ಕಾಯುತ್ತಿದ್ದಾನೆ.