ಉಳಿದಿದ್ದ ಹದಿನೇಳು ನಿಮಿಷ

೧೪, ಗುರುವಾರ

ಆದರೆ ನಿನ್ನೆ ಬರೆದ ಹಾಗೆ ಅದು ಹೊಸ ಸುದ್ದಿಯೇನಲ್ಲ. ಪಾಡ್‌ಕಾಸ್ಟ್ ಕೇಳುವ ಆ್ಯಪ್ ತಿಂಗಳ ಕೊನೆಗೆ ಮುಚ್ಚುತ್ತದೆಂದು ವಾರದ ಹಿಂದೆಯೇ ಅದರ ಇಂಗ್ಲಿಷ್ ನೋಟಿಸಿನಲ್ಲಿ ಓದಿದ್ದೆ. ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದ್ದರೂ 'ಡಿಸ್‌ಕಂಟಿನ್ಯೂ' ಮರೆತಿಲ್ಲ.

ಇವತ್ತು ಮಗಳು ಬಂದಳು. "ಅಪ್ಪಾ, ಫೋನ್ ಕೊಡಿ. ಅಮ್ಮನ ಲಿಸ್ಟೆಲ್ಲ ಬೇರೆ ಆ್ಯಪಿಗೆ ಹಾಕ್ಕೊಡ್ತೀನಿ. ಗಡಿಯಾರ ರಿಪೇರಿಯವರ ಹೊಸ ಶೋ ಒಂದಿದೆ, ನಿಮ್ಮ ಹಾಗೇ ಕೊರೀತಾರೆ, ಕೇಳಿ."

"ಅರ್ಧ ಕೇಳಿದ್ದು?"

"ಶೋ ಬರುತ್ತೆ. ಎಲ್ಲಿ ನಿಲ್ಲಿಸಿದ್ರಿ ಅನ್ನೋದು ಬರಲ್ಲ."

"ನಾಳೆ ನೋಡೋಣಮ್ಮ" ಎಂದೆ.

ಎಂಟು ತಿಂಗಳ ಹಿಂದೆ, ಶಾಲೆಯ ಗಂಟೆ ಕದ್ದವರು ಯಾರೆಂಬ ಕಥೆಯನ್ನು ನಾನೂ ನನ್ನಾಕೆಯೂ ಒಂದೇ ಇಯರ್‌ಫೋನ್ ಹಂಚಿಕೊಂಡು ಒಂದೊಂದು ಕಿವಿಯಲ್ಲಿ ಕೇಳುತ್ತಿದ್ದೆವು. ನಾನು ಹೆಡ್‌ಮಾಸ್ಟರ್ ಎಂದೆ, ಅವಳು ಜವಾನ ಎಂದಳು. "ನಿದ್ದೆ ಬರ್ತಿದೆ, ಉಳಿದದ್ದು ನಾಳೆ. ಒಬ್ರೇ ಕೇಳಿದ್ರೆ ನೋಡಿ ಮತ್ತೆ" ಎಂದು ನಿಲ್ಲಿಸಿದಳು. ಆ ನಾಳೆ ಅವಳಿಗೆ ಬರಲಿಲ್ಲ. ಹದಿನೇಳು ನಿಮಿಷ ಹಾಗೇ ಉಳಿದಿತ್ತು.

ಮಗಳು ಹೋದ ಮೇಲೆ ಒತ್ತಿದೆ. ಒಂದೇ ಕಿವಿಯಲ್ಲಿ ಕೇಳಿದೆ. ಜವಾನನೇ. ನೀನೇ ಗೆದ್ದೆ ಕಣೇ ಅನ್ನಬೇಕಿತ್ತು. ಅಳು ಬರಲಿಲ್ಲ. ಮುಂದಿನದು ತಾನಾಗಿ ಶುರುವಾಯಿತು, ಇನ್ನೂ ಯಾರೋ ಏನೋ ಹೇಳುತ್ತಿದ್ದಾರೆ. ಪುಟದ ಗೆರೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ, ಎದ್ದು ದೀಪ